ತಲಶ್ಶೇರಿಯ ಕಲ್ಲುಮ್ಮಕ್ಕಾಯಿ, ಫ್ಲಾರಿಡಾದ ಪೀಡೆ

ಪ್ರಶ್ನೆ: ಅಕ್ಕಾ, ಕಳೆದ ತಿಂಗಳು ಮದುವೆಗೆಂದು ತಲಶ್ಶೇರಿಗೆ ಹೋಗಿದ್ದೆವು. ಮೀನು ಹೆಚ್ಚಲಿ ಅಂತ ಕಡಲಿಗೆ ಕಾಂಕ್ರೀಟ್ ಗೂಡುಗಳನ್ನು ಇಳಿಸುತ್ತಾರೆ ಎಂದು ಅಲ್ಲಿನ ನೆಂಟರು ಹೇಳಿದರು. ನನಗೆ ತಟ್ಟನೆ ನಮ್ಮ ತೋಟದ ಆಫ್ರಿಕನ್ ಬಸವನಹುಳು ನೆನಪಾಯಿತು. ಹೀಗೆ ಹೊಸ ಮನೆ ಕಟ್ಟಿಕೊಟ್ಟರೆ ಎಲ್ಲಿಂದಲೋ ಬಂದ ಜೀವಿಗಳೇ ಒಕ್ಕಲು ಕೂತುಬಿಡುವುದಿಲ್ಲವೇ? ಅಲ್ಲೇ ಹುಟ್ಟಿ ಬೆಳೆದವುಗಳ ಗತಿ ಏನು?
— ಕಾಫಿ ಬೆಳೆಗಾರರು, ಶನಿವಾರಸಂತೆ

ಉತ್ತರ: ನಿಮ್ಮ ಅನುಮಾನ ಸರಿ. ಬಸವನಹುಳುವಿನ ಹೋಲಿಕೆ ಮಾತ್ರ ಅರ್ಧ ಸರಿ. ಅದು ನಿಮ್ಮ ಗಿಡವನ್ನು ತಿನ್ನುತ್ತದೆ. ಕಡಲಿನ ಬಂಡೆಗಳ ಮೇಲೆ ನಡೆಯುವ ಜಗಳ ಊಟಕ್ಕಿಂತ ಜಾಸ್ತಿ ಜಾಗಕ್ಕೆ.

ಅದು ನನಗೆ ಗೊತ್ತಾಗಿದ್ದು ಮಂಗಳೂರಿನಲ್ಲಿ ಮೀನುಗಾರಿಕೆ ಓದುವಾಗ. ಅಂಗೈ ಅಗಲದ ಆರು ಮರದ ಹಲಗೆಗಳನ್ನು ನೈಲಾನ್ ಹಗ್ಗಕ್ಕೆ ಕಟ್ಟಿ ಒಂದು ಜೆಟ್ಟಿಯಿಂದ ನೀರಿಗೆ ಇಳಿಬಿಟ್ಟಿದ್ದೆ. ಮೊದಲ ವಾರ ಎತ್ತಿ ನೋಡಿದರೆ ಬರೀ ಲೋಳೆ, ಕೆರೆ ಮೆಟ್ಟಿಲಿನ ಪಾಚಿಯ ಹಾಗೆ. ಆಮೇಲೆ ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕೆಗಳು. ಅವು ಬಾರ್ನಕಲ್ ಮರಿಗಳು, ಬಂಡೆಗೋ ಹಡಗಿಗೋ ಅಂಟಿಕೊಂಡೇ ಬದುಕುವ ಗಟ್ಟಿ ಚಿಪ್ಪಿನ ಜೀವಿ. ಒಂದೂವರೆ ತಿಂಗಳಿಗೆ ಹಲಗೆಯೇ ಕಾಣಿಸುತ್ತಿರಲಿಲ್ಲ. ಬಾರ್ನಕಲ್ ಮೇಲೆ ಸಿಂಪಿ, ಸಿಂಪಿಯ ಮೇಲೆ ಸುಣ್ಣದ ಕೊಳವೆ ಕಟ್ಟಿಕೊಳ್ಳುವ ಹುಳು, ಅದರ ಮೇಲೆ ಹಿಚುಕಿದರೆ ಪಿಚಕ್ಕನೆ ನೀರು ಹಾರಿಸುವ ಮೆತ್ತನೆಯ ಗಂಟುಗಳು. ಒಂದರ ಬೆನ್ನ ಮೇಲೆ ಇನ್ನೊಂದರ ಸಂಸಾರ. ಎತ್ತುವಾಗ ಅಂಗೈ ಕುಯ್ದಿತ್ತು, ಗುರುತು ಈಗಲೂ ಇದೆ. ಎರಡು ಹಲಗೆಗಳನ್ನು ಯಾರೋ ಹಗ್ಗದ ಆಸೆಗೆ ಕತ್ತರಿಸಿಕೊಂಡು ಹೋಗಿದ್ದರು. ವರದಿಯಲ್ಲಿ ‘ನಷ್ಟವಾಗಿದೆ’ ಅಂತ ಬರೆದೆ. ‘ಇದು ಯಾವ ಪ್ರಭೇದದ ಕೆಲಸ?’ ಎಂದು ಮೇಷ್ಟ್ರು ಕೆಂಪು ಶಾಯಿಯಲ್ಲಿ ಕೇಳಿದ್ದರು.

ಬಾರ್ನಕಲ್, ಸಿಂಪಿ, ಹವಳ ಇವೆಲ್ಲ ಬಾಲ್ಯದಲ್ಲಿ ನೀರಿನಲ್ಲಿ ತೇಲುತ್ತಾ ಅಲೆಯುತ್ತವೆ. ಗಟ್ಟಿ ಜಾಗ ಸಿಕ್ಕರೆ ಅಂಟಿಕೊಳ್ಳಬೇಕು, ಇಲ್ಲವಾದರೆ ಸಾಯಬೇಕು. ನೇತ್ರಾಣಿ ದ್ವೀಪದ ಬುಡದಲ್ಲಿರುವಂಥ ಹಳೇ ಬಂಡೆಯಲ್ಲಿ ಖಾಲಿ ಜಾಗ ಕಮ್ಮಿ. ನಿಮ್ಮ ತೋಟದ ಹಳೇ ಹಲಸಿನ ಮರವನ್ನು ನೋಡಿ. ಪಾಚಿ, ಜರಿಗಿಡ, ಸೀತಾಳೆ ದಂಡೆ, ಮೆಣಸಿನ ಬಳ್ಳಿ, ಎಲ್ಲ ಹತ್ತಿ ಕೂತಿರುತ್ತವೆ. ಹೊಸ ಕಾಂಕ್ರೀಟ್ ಅಂದರೆ ಹೋದ ವರ್ಷ ನೆಟ್ಟ ಸಿಲ್ವರ್ ಓಕ್. ನುಣುಪು, ನೆಟ್ಟಗೆ, ಖಾಲಿ. ಯಾರು ಮೊದಲು ಬರುತ್ತಾರೋ ಅವರದ್ದೇ ಜಾಗ.

ಮೊದಲು ಬರುವವರು ಯಾರು ಅನ್ನುವುದು ಗೂಡು ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಬಂದರಿನ ಪಕ್ಕದಲ್ಲಿದ್ದರೆ ಹಡಗಿನ ತಳಕ್ಕೆ ಅಂಟಿಕೊಂಡು ಬಂದ ಪರದೇಶಿಗಳೇ ಮುಂದು. ಸರಕಿಲ್ಲದ ಹಡಗು ಓಲಾಡದಿರಲಿ ಅಂತ ಹೊಟ್ಟೆಗೆ ತುಂಬಿಸಿಕೊಳ್ಳುವ ನೀರಿನಲ್ಲೂ ಮರಿಗಳು ಬರುತ್ತವೆ. ಆ ನೀರನ್ನು ಕಂಡಕಂಡಲ್ಲಿ ಚೆಲ್ಲದಂತೆ 2004ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಜಾರಿಗೆ ಬಂದದ್ದು 2017ರಲ್ಲಿ. ಅಷ್ಟರಲ್ಲಿ ಬರಬೇಕಾದವರಲ್ಲಿ ಎಷ್ಟೋ ಮಂದಿ ಬಂದಾಗಿತ್ತು ಬಿಡಿ. ತೇಲುವ ಜೆಟ್ಟಿಗಳಂತೂ ಇವರಿಗೆ ತವರುಮನೆ. ಕೆಳಗೆ ನೆರಳು, ಜೊತೆಗೆ ನೆಲದಿಂದ ಏಡಿ, ನಕ್ಷತ್ರಮೀನು ಹತ್ತಿ ಬಂದು ತಿನ್ನುವ ಭಯವಿಲ್ಲ.

ಈಗ ನಿಮ್ಮ ಮದುವೆ ಊಟಕ್ಕೆ ಬರೋಣ. ತಲಶ್ಶೇರಿ ಅಂದಮೇಲೆ ಕಲ್ಲುಮ್ಮಕ್ಕಾಯಿ ಇದ್ದೇ ಇರುತ್ತದೆ, ಅಲ್ವಾ? ಹಸಿರು ಅಂಚಿನ ಆ ಚಿಪ್ಪು ನಮ್ಮ ಕರಾವಳಿಯದ್ದೇ. ನಾರಿನಂಥ ಎಳೆ ಬಿಟ್ಟು ಕಲ್ಲಿಗೆ ಅಂಟಿಕೊಳ್ಳುತ್ತದೆ, ಹೊಳೆ ಬಾಯಿಯಲ್ಲಿ ಜನ ಮುಳುಗಿ ಕೀಳುತ್ತಾರೆ. ಪಾಪದ ಜೀವಿ. ಅದೇ ಚಿಪ್ಪು 1990ರಲ್ಲಿ ಕೆರಿಬಿಯನ್‌ನ ಟ್ರಿನಿಡಾಡ್‌ನಲ್ಲಿ ಕಾಣಿಸಿಕೊಂಡಿತು. 1999ರಲ್ಲಿ ಅಮೆರಿಕಾದ ಫ್ಲಾರಿಡಾದಲ್ಲಿ, ಟ್ಯಾಂಪಾ ಕೊಲ್ಲಿಯ ವಿದ್ಯುತ್ ಸ್ಥಾವರಕ್ಕೆ ನೀರೆಳೆಯುವ ಪೈಪುಗಳಲ್ಲಿ ಸಿಕ್ಕಿತು. ಅಲ್ಲಿ ಅದು ಪೀಡೆ. ಪೈಪು ಕಟ್ಟುತ್ತದೆ, ಸೇತುವೆ ಕಂಬಕ್ಕೆ ದಪ್ಪಗೆ ಹತ್ತುತ್ತದೆ. ನಮ್ಮಲ್ಲಿ ಅದನ್ನು ತಿನ್ನುವ ಏಡಿ, ಮೀನು ಇವೆ, ಮನುಷ್ಯರಂತೂ ಇದ್ದೇ ಇದ್ದೇವೆ. ಅಲ್ಲಿ ಅದರ ಲೆಕ್ಕ ಕೇಳುವವರು ಕಮ್ಮಿ.

ನಮ್ಮ ಕಡೆಯ ಕಿತ್ತಳೆ ಬಣ್ಣದ ಒಂದು ಹವಳದ ಕಥೆಯೂ ಇದೇ. ಅದಕ್ಕೆ ಬಿಸಿಲೇ ಬೇಡ, ಬಂಡೆಯ ನೆರಳಿನ ಮಗ್ಗುಲಲ್ಲೇ ಬೆಳೆಯುತ್ತದೆ. ಈಗ ಬ್ರೆಜಿಲ್‌ನಲ್ಲೂ ಮೆಕ್ಸಿಕೊ ಕೊಲ್ಲಿಯಲ್ಲೂ ತೈಲ ತೆಗೆಯುವ ಕಟ್ಟೆಗಳ ಕಾಲು ಹಿಡಿದು ಅಲ್ಲಿಂದ ಸಹಜ ಬಂಡೆಗಳಿಗೆ ದಾಟುತ್ತಿದೆ. ಇಂಥ ಕಟ್ಟೆಗಳು ಹೊಳೆ ದಾಟಲು ಹಾಕಿದ ಕಲ್ಲುಗಳಿದ್ದಂತೆ. ದಾಟುವವರು ಯಾರು ಅಂತ ಕಲ್ಲು ಕೇಳುವುದಿಲ್ಲ.

ಬಂದವರನ್ನು ಓಡಿಸಬಹುದೇ? 1999ರಲ್ಲಿ ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿ ಅಮೆರಿಕಾ ಮೂಲದ ಒಂದು ಕಪ್ಪುಪಟ್ಟೆ ಚಿಪ್ಪು ದೋಣಿ ನಿಲ್ದಾಣಗಳಲ್ಲಿ ಸಿಕ್ಕಿತು. ಗೇಟು ಹಾಕಿ ಒಳಗಿನ ನೀರಿಗೆ ಕ್ಲೋರಿನ್ ಮತ್ತು ಮೈಲುತುತ್ತ ಸುರಿದರು. ಹೌದು, ನೀವು ಬೋರ್ಡೋ ದ್ರಾವಣಕ್ಕೆ ಕಲಸುವ ಅದೇ ಮೈಲುತುತ್ತ. ಚಿಪ್ಪು ಸತ್ತಿತು. ಆ ನೀರಿನಲ್ಲಿದ್ದ ಬೇರೆಯವೂ ಸತ್ತವು. ಬೇಗ ಕಂಡುಹಿಡಿದಿದ್ದರಿಂದ, ಬಾಗಿಲು ಹಾಕಲು ಗೇಟು ಇದ್ದಿದ್ದರಿಂದ ಅಷ್ಟಾದರೂ ಆಯಿತು. ಅದೇ ಚಿಪ್ಪು ವಿಶಾಖಪಟ್ಟಣಕ್ಕೆ 1960ರ ದಶಕದಲ್ಲೇ ಬಂದಿತ್ತು, ಈಗಲೂ ಅಲ್ಲೇ ಇದೆ. ಕೇರಳದ ಅಷ್ಟಮುಡಿ ಹಿನ್ನೀರಿನಲ್ಲಿ ದಕ್ಷಿಣ ಅಮೆರಿಕಾದ ಇನ್ನೊಂದು ಚಿಪ್ಪು ಸೇರಿಕೊಂಡು ಅಲ್ಲಿನ ಸಿಂಪಿ, ಕಲ್ಲುಮ್ಮಕ್ಕಾಯಿಗಳ ಜಾಗ ಹಿಡಿದಿದೆ. ಅಲ್ಲಿಯವರು ಅದನ್ನು ‘ವರತ್ತನ್ ಕಕ್ಕ’ ಅನ್ನುತ್ತಾರೆ. ವರತ್ತನ್ ಅಂದರೆ ಹೊರಗಿನವನು. ವಿಜ್ಞಾನದ ಹೆಸರಿಗಿಂತ ಇದೇ ವಾಸಿ.

ಹಾಗಂತ ಗೂಡುಗಳನ್ನೇ ಇಳಿಸಬಾರದು ಅಂತ ನಾನು ಹೇಳುವುದಿಲ್ಲ. ಕಾಫಿಯೇ ಆಫ್ರಿಕಾದಿಂದ ಬಂದದ್ದು, ಹೊರಗಿನದೆಲ್ಲ ಪೀಡೆಯಲ್ಲ. ಬರೀ ಮರಳಿರುವ ತಳಕ್ಕೆ ಸಂದುಗೊಂದು ಇರುವ, ಮೈ ಒರಟಾದ ಕಾಂಕ್ರೀಟ್ ಗೂಡನ್ನು ಬಂದರಿನಿಂದ ದೂರ ಇಳಿಸಿದರೆ ಅಲ್ಲಿನ ಜೀವಿಗಳಿಗೂ ಅವಕಾಶವಿದೆ. ಟ್ರಾಲರ್ ಬಲೆ ಅಲ್ಲಿ ಎಳೆಯಲು ಆಗುವುದಿಲ್ಲ ಅನ್ನುವುದೂ ಒಂದು ಲಾಭ. ನನ್ನ ತಕರಾರು ಬೇರೆ. ಇಳಿಸುವ ದಿನ ಫೋಟೊ, ಭಾಷಣ ಎಲ್ಲ ಇರುತ್ತದೆ. ಆರು ತಿಂಗಳು ಬಿಟ್ಟು ಒಬ್ಬರು ಮುಳುಗಿ ‘ಇಲ್ಲಿ ಏನು ಅಂಟಿದೆ’ ಅಂತ ಕೆರೆದು ನೋಡಲೂ ದುಡ್ಡು ಎತ್ತಿಡಬೇಕು. ಗೂಡಿನ ಸುತ್ತ ಮೀನು ಜಾಸ್ತಿ ಕಂಡಿತು ಅಂದರೆ ಕಡಲಿನಲ್ಲಿ ಮೀನು ಜಾಸ್ತಿಯಾಯಿತು ಅಂತಲೂ ಅಲ್ಲ. ಅಕ್ಕಪಕ್ಕದ್ದೆಲ್ಲ ಸಂತೆಗೆ ಬಂದ ಹಾಗೆ ಅಲ್ಲಿಗೆ ಬಂದಿರಬಹುದು.

ಟೈರು ಮಾತ್ರ ಬೇಡವೇ ಬೇಡ. 1970ರ ದಶಕದಲ್ಲಿ ಫ್ಲಾರಿಡಾದವರು ಸುಮಾರು 20 ಲಕ್ಷ ಹಳೇ ಟೈರುಗಳನ್ನು ಕಟ್ಟಿ ಕಡಲಿಗೆ ಹಾಕಿದರು. ಕಟ್ಟು ತುಕ್ಕು ಹಿಡಿದು ಬಿಚ್ಚಿತು. ಟೈರುಗಳು ಉರುಳಿ ಹೋಗಿ ಪಕ್ಕದ ನಿಜವಾದ ಹವಳಕ್ಕೆ ಬಡಿದವು. ಆಮೇಲೆ ಸೈನ್ಯದ ಮುಳುಗುಗಾರರನ್ನು ಕರೆಸಿ ಎತ್ತಿಸಬೇಕಾಯಿತು.

ಪ್ರಶ್ನೆ: ಆಂಟಿ, ನಮ್ಮ ಅಕ್ವೇರಿಯಂನ ಸಕ್ಕರ್ ಫಿಶ್ ತುಂಬಾ ದೊಡ್ಡದಾಗಿದೆ. ಸುಮ್ನೆ ಹಾರಂಗಿಗೆ ಬಿಟ್ಟುಬಿಡೋಣ, ಪಾಪ ಬದುಕಿಕೊಳ್ಳಲಿ ಅಂತ ಅಪ್ಪ ಹೇಳ್ತಾರೆ. ಬಿಡಬಹುದಾ?
— ಎಂಟನೇ ತರಗತಿ ವಿದ್ಯಾರ್ಥಿನಿ, ಕುಶಾಲನಗರ

ಉತ್ತರ: ಬಿಡಬಾರದು ಮಗಳೇ. ಅಪ್ಪನಿಗೂ ಈ ಪುಟ ಓದಿಸು. ಅದು ಬದುಕಿಕೊಳ್ಳುತ್ತದೆ, ತೊಂದರೆಯೇ ಅದು. ದಕ್ಷಿಣ ಅಮೆರಿಕಾದ ಮೀನು, ಮೈತುಂಬಾ ಎಲುಬಿನ ಕವಚ. ದಡದ ಮಣ್ಣಿನಲ್ಲಿ ಬಿಲ ಕೊರೆಯುತ್ತದೆ, ಮುಳ್ಳು ಸಿಕ್ಕಿಕೊಂಡರೆ ಮೀನುಗಾರರ ಬಲೆ ಹರಿಯುತ್ತದೆ. ನಮ್ಮ ಕಡಲಿನ ಲಯನ್‌ಫಿಶ್ ಅಟ್ಲಾಂಟಿಕ್ ಸೇರಿದ್ದೂ ಹೀಗೆ ಯಾರೋ ಅಕ್ವೇರಿಯಂನಿಂದ ಬಿಟ್ಟಿದ್ದರಿಂದಲೇ ಇರಬೇಕು ಅನ್ನುತ್ತಾರೆ. ಫ್ಲಾರಿಡಾದಲ್ಲಿ ಮೊದಲು ಕಂಡದ್ದು 1985ರಲ್ಲಿ. ಈಗ ಮೆಕ್ಸಿಕೊ ಕೊಲ್ಲಿಯ ಕೃತಕ ಗೂಡುಗಳಲ್ಲಿ ಅದು ಸಹಜ ಬಂಡೆಗಳಿಗಿಂತ ಹಲವು ಪಟ್ಟು ದಟ್ಟವಾಗಿದೆ. ಮೇಲಿನ ಪ್ರಶ್ನೆ ಕೇಳಿದವರು ಇದನ್ನೂ ಓದಿಕೊಳ್ಳಲಿ.

ಹಾರಂಗಿ ಸೇರುವುದು ಕಾವೇರಿಗೆ. ಕಿತ್ತಳೆ ರೆಕ್ಕೆಯ, ಬೆನ್ನು ಉಬ್ಬಿದ ಬಿಳಿಮೀನು (ಮಹಶೀರ್) ಇರುವುದು ಈ ನದಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ. 2018ರಲ್ಲಿ ಅದು ಅಳಿವಿನ ಅಂಚಿನ ಪಟ್ಟಿಗೆ ಸೇರಿತು. ಬೇರೆ ಕಡೆಯ ನೀಲಿ ರೆಕ್ಕೆಯ ಬಿಳಿಮೀನನ್ನು ಒಳ್ಳೇದಾಗಲಿ ಅಂತಲೇ ಇಲ್ಲಿ ತಂದು ಬಿಟ್ಟಿದ್ದು ಅದಕ್ಕೆ ಒಂದು ಕಾರಣ. ನಿನ್ನ ಮೀನನ್ನು ತಂದ ಅಂಗಡಿಗೇ ವಾಪಸ್ ಕೊಡಿ. ಅವರು ಬೇಡ ಅಂದರೆ ಇನ್ನೊಂದು ಅಂಗಡಿ ಕೇಳಿ. ಅಲ್ಲಿಯವರೆಗೆ ಅಪ್ಪನ ಹತ್ತಿರ ಹೇಳಿ ದೊಡ್ಡ ತೊಟ್ಟಿ ತರಿಸು, ಮೇಲೆ ಮುಚ್ಚಳ ಇರಲಿ. ರಾತ್ರಿ ಹಾರಿ ಆಚೆ ಬೀಳುತ್ತದೆ.