ಸಂಪಾದಕರ ಉತ್ತರ: ಇಂದಿಯೋಸ್ ಎಲ್ಲಿಗೆ ಹೋದರು?

ಮಾನ್ಯರೇ,

ಎರಡು ಹಾಳೆಯ ನಿಮ್ಮ ಪತ್ರ ತಲುಪಿತು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ಪತ್ರದ ಸಾರ ಇಷ್ಟು: ನಮ್ಮ ಫುಟ್ಬಾಲ್ ವಿಶೇಷಾಂಕದಲ್ಲಿ ಮೆಕ್ಸಿಕೊ ಕ್ಲಬ್ಬುಗಳ ಪಟ್ಟಿ ಕೊಟ್ಟಿದ್ದೆವು. ನೀವು 2009ರ ಸುಮಾರಿಗೆ ಸ್ಕೋರುಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದವರು. ಆ ನೋಟ್‌ಬುಕ್ಕಿನಲ್ಲಿ ‘ಇಂಡಿಯೋಸ್’ ಅಂತ ಒಂದು ತಂಡ ಇದೆ, ನಮ್ಮ ಪಟ್ಟಿಯಲ್ಲಿ ಇಲ್ಲ. ಬಿಟ್ಟುಹೋಯಿತೇ? ಆ ಹೆಸರಿಗೂ ನಮಗೂ ಏನಾದರೂ ನಂಟಿದೆಯೇ? ಕೊನೆಗೆ, ‘ಸೋತ ತಂಡ ಕೆಳಗಿನ ಡಿವಿಷನ್‌ಗೆ ಇಳಿಯೋದು ಗೊತ್ತು, ಇಡೀ ತಂಡವೇ ಮಾಯವಾಗೋದು ಹೇಗೆ ಸ್ವಾಮಿ?’

ಬಿಟ್ಟುಹೋಗಿಲ್ಲ. ಆ ಕ್ಲಬ್ ಈಗ ಇಲ್ಲ. ಪೂರ್ತಿ ಹೆಸರು ಇಂದಿಯೋಸ್ ದೆ ಸಿಯುದಾದ್ ಹ್ವಾರೆಸ್. ಸಿಯುದಾದ್ ಹ್ವಾರೆಸ್ ಅಮೆರಿಕದ ಗಡಿಗೆ ತಾಗಿದ ಮೆಕ್ಸಿಕೊದ ಊರು. (ವಿಶೇಷಾಂಕದಲ್ಲಿ ‘ಜುವಾರೆಜ್’ ಎಂದು ಅಚ್ಚಾಗಿದೆ. ನೀವು ತಕರಾರು ಎತ್ತಿಲ್ಲ, ನಾನೇ ಎತ್ತುತ್ತಿದ್ದೇನೆ. ಕರಡು ನೋಡಿದವನು ನಾನೇ.)

ಹೆಸರಿಗೂ ನಮಗೂ ಇರುವ ನಂಟು ಕೊಲಂಬಸ್ ಮಾಡಿದ ಎಡವಟ್ಟು, ಅಷ್ಟೇ. ಭಾರತಕ್ಕೆ ಬಂದೆ ಅಂದುಕೊಂಡು ಅಲ್ಲಿನ ಮೂಲನಿವಾಸಿಗಳನ್ನು ‘ಇಂದಿಯೋ’ ಎಂದು ಕರೆದದ್ದು ಹಾಗೇ ಉಳಿದುಬಿಟ್ಟಿತು. ಮೆಕ್ಸಿಕೊದಲ್ಲಿ ಈಗಲೂ ಅದು ಸಲೀಸಾದ ಪದವಲ್ಲ, ಬೈಗುಳವಾಗಿಯೂ ಬಳಕೆಯಲ್ಲಿದೆ. ನಮ್ಮಂಥವರು ಅಲ್ಲಿಗೆ ಹೋದರೆ, ಯಾವ ಧರ್ಮದವರಾದರೂ ಸರಿ, ಜನ ಸಾಮಾನ್ಯವಾಗಿ ಕರೆಯುವುದು ‘ಇಂದೂ’ ಅಂತ. ಹ್ವಾರೆಸ್‌ನ ಮಟ್ಟಿಗೆ ಈ ಹೆಸರು ಹಳೆಯದು: ಇದೇ ಹೆಸರಿನ ಬೇಸ್‌ಬಾಲ್ ತಂಡ 1982ರಲ್ಲಿ ಮೆಕ್ಸಿಕನ್ ಲೀಗ್ ಗೆದ್ದಿತ್ತು. ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ಸಂಗತಿ. ಆ ಊರು ಮೊದಲು ಪಾಸೋ ದೆಲ್ ನೋರ್ತೆ ಆಗಿತ್ತು. 1888ರಲ್ಲಿ ಅಧ್ಯಕ್ಷ ಬೆನಿತೋ ಹ್ವಾರೆಸ್ ನೆನಪಿಗೆ ಈಗಿನ ಹೆಸರು ಬಂತು. ಅವರು ಸಪೋತೆಕ್ ಬುಡಕಟ್ಟಿನವರು. ಕ್ಲಬ್ ಆಡುತ್ತಿದ್ದ ಸ್ಟೇಡಿಯಮ್ಮಿಗೂ ಅವರದೇ ಹೆಸರು. ಮೂಲನಿವಾಸಿ ಅಧ್ಯಕ್ಷರ ಹೆಸರಿನ ಅಂಗಳದಲ್ಲಿ ‘ಇಂದಿಯೋಸ್’ ಆಡುತ್ತಿದ್ದರು.

ಇನ್ನು ಮಾಯವಾಗುವ ಪ್ರಶ್ನೆ. ಅದು ಅರ್ಥವಾಗಬೇಕಾದರೆ ಈ ತಂಡ ಹುಟ್ಟಿದ್ದು ಹೇಗೆಂದು ನೋಡಬೇಕು. ಅಲ್ಲಿ ಲೀಗಿನಲ್ಲಿ ಆಡುವ ಜಾಗ ಎನ್ನುವುದು ನಮ್ಮಲ್ಲಿನ ಬಸ್ ಪರ್ಮಿಟ್ ಇದ್ದಂತೆ. ಕೈ ಬದಲಾಗುತ್ತದೆ, ರೂಟು ಬದಲಾಗುತ್ತದೆ, ಬಸ್ಸಿನ ಮೇಲಿನ ಹೆಸರೂ ಬದಲಾಗುತ್ತದೆ. 2005ರಲ್ಲಿ ಪಚೂಕಾ ಹೂನಿಯೋರ್ಸ್ ಎಂಬ ಎರಡನೇ ಡಿವಿಷನ್ ತಂಡದ ಪರ್ಮಿಟ್ ಹೀಗೆ ಹ್ವಾರೆಸ್‌ಗೆ ಬಂತು, ಇಂದಿಯೋಸ್ ಆಯಿತು. ಅಂದರೆ ಊರಿನ ಗಲ್ಲಿಯಲ್ಲಿ ಬೆಳೆದ ತಂಡವಲ್ಲ. ಹಾಗಿದ್ದೂ ಊರು ಅದನ್ನು ಎರಡೇ ವರ್ಷದಲ್ಲಿ ತನ್ನದು ಮಾಡಿಕೊಂಡಿತು. ಕೋಬ್ರಾಸ್ ಎಂಬ ತಂಡ 1992ರಲ್ಲಿ ಮೊದಲ ಡಿವಿಷನ್‌ನಿಂದ ಇಳಿದ ಮೇಲೆ ಹ್ವಾರೆಸ್‌ಗೆ ದೊಡ್ಡ ಫುಟ್ಬಾಲ್ ಇರಲಿಲ್ಲ. ಹಸಿವಿತ್ತು.

ಅಲ್ಲಿ ಒಂದು ಋತುವಿಗೆ ಎರಡು ಟೂರ್ನಿ: ವರ್ಷದ ಎರಡನೇ ಅರ್ಧದಲ್ಲಿ ಅಪೆರ್ತೂರಾ, ಮರುವರ್ಷದ ಮೊದಲರ್ಧದಲ್ಲಿ ಕ್ಲೌಸೂರಾ. ಎರಡನೇ ಡಿವಿಷನ್‌ನಲ್ಲಿ ಈ ಎರಡನ್ನೂ ಗೆದ್ದವರು ಆಗ ಮೇಲೇರಲು ಪರಸ್ಪರ ಆಡಬೇಕಿತ್ತು. ಇಂದಿಯೋಸ್ 2007ರ ಅಪೆರ್ತೂರಾ ಗೆದ್ದಿತು. 2008ರ ಮೇನಲ್ಲಿ ಎದುರಾದದ್ದು ಲಿಯೋನ್. 2002ರಿಂದ ಕೆಳಗೇ ಕೂತು ಮೇಲೇರಲು ಒದ್ದಾಡುತ್ತಿದ್ದ, ಇತಿಹಾಸವಿದ್ದ ದೊಡ್ಡ ಕ್ಲಬ್. ಅದನ್ನು ಸೋಲಿಸಿ ಮೂರು ವರ್ಷದ ಕೂಸು ಮೊದಲ ಡಿವಿಷನ್ ಹತ್ತಿತು.

ನಿಮ್ಮ ನೋಟ್‌ಬುಕ್ಕಿನಲ್ಲಿ 2009ರ ಮೊದಲರ್ಧದ ಸ್ಕೋರುಗಳಿದ್ದರೆ ಅವನ್ನು ಜೋಪಾನವಾಗಿಡಿ. ಇಂದಿಯೋಸ್‌ನ ಒಳ್ಳೆಯ ದಿನಗಳು ಅವೇ. ಕ್ವಾರ್ಟರ್ ಫೈನಲ್‌ನಲ್ಲಿ ಹಾಲಿ ಚಾಂಪಿಯನ್ ತೊಲೂಕಾವನ್ನು ಹೊರಗಟ್ಟಿದರು. ಸೆಮಿಫೈನಲ್‌ನಲ್ಲಿ ಸೋತದ್ದು ಪಚೂಕಾಗೆ, ಅಂದರೆ ತಮ್ಮ ಪರ್ಮಿಟ್ ಯಾವ ಮನೆಯಿಂದ ಬಂದಿತ್ತೋ ಅದೇ ಮನೆಗೆ.

ಮುಂದಿನ ಋತುವಿನಲ್ಲೇ ಪಾತಾಳ. 2009ರ ಅಪೆರ್ತೂರಾದ 17 ಪಂದ್ಯಗಳಲ್ಲಿ ಒಂದೇ ಒಂದು ಗೆಲುವಿಲ್ಲ. ಒಂದು ಕೆಟ್ಟ ಟೂರ್ನಿಗೆ ತಂಡ ಮುಳುಗಬೇಕೇ ಎಂದು ನೀವು ಕೇಳಬಹುದು. ಇಲ್ಲಿ ‘ಕೊಸಿಯೆಂತೆ’ ಎಂಬ ಲೆಕ್ಕ ಬರುತ್ತದೆ. ಮೆಕ್ಸಿಕೊದಲ್ಲಿ ಆ ವರ್ಷ ಕೊನೆಗೆ ನಿಂತವರು ಇಳಿಯುತ್ತಿರಲಿಲ್ಲ. ಮೂರು ವರ್ಷದ ಅಂಕಗಳನ್ನು ಆಡಿದ ಪಂದ್ಯಗಳಿಂದ ಭಾಗಿಸಿ, ಸರಾಸರಿ ಕಡಿಮೆ ಇದ್ದವರನ್ನು ಇಳಿಸುತ್ತಿದ್ದರು. ಹಳೆಯ ಕ್ಲಬ್ಬಿಗೆ 102 ಪಂದ್ಯಗಳ ಹಾಸಿಗೆ. ಹೊಸದಾಗಿ ಹತ್ತಿದವರಿಗೆ ಮೊದಲ ವರ್ಷ 34 ಮಾತ್ರ. ಒಂದು ಗೆಲುವಿನ 3 ಅಂಕವನ್ನು 34ರಿಂದ ಭಾಗಿಸಿ ನೋಡಿ: 0.088. ಅದನ್ನೇ 102ರಿಂದ ಭಾಗಿಸಿದರೆ 0.029. ಹೊಸಬರು ಗೆದ್ದರೆ ಮೂರು ಪಟ್ಟು ಏರುತ್ತಾರೆ, ಸೋತರೆ ಅಷ್ಟೇ ಬೇಗ ಜಾರುತ್ತಾರೆ. 2009ರ ಕ್ಲೌಸೂರಾ ಮುಗಿದಾಗ ಈ ಲೆಕ್ಕ ಇಂದಿಯೋಸ್‌ನ ಕೈ ಹಿಡಿಯಿತು, ನೆಕಾಕ್ಸಾ ಇಳಿಯಿತು. 2010ರಲ್ಲಿ ಅದೇ ಲೆಕ್ಕ ಅವರನ್ನು ಕ್ಲೌಸೂರಾ ಮುಗಿಯುವ ಮುನ್ನವೇ ಮುಳುಗಿಸಿತು. ದೊಡ್ಡವರು ಒಂದು ಕೆಟ್ಟ ವರ್ಷವನ್ನು ಅರಗಿಸಿಕೊಳ್ಳಲಿ ಎಂದೇ ಹೆಣೆದ ಲೆಕ್ಕ ಇದು ಎಂಬುದು ನನ್ನ ಅಭಿಪ್ರಾಯ. ಒಪ್ಪದಿದ್ದರೆ ಇನ್ನೊಂದು ಪತ್ರ ಬರೆಯಿರಿ.

ಮೈದಾನದ ಲೆಕ್ಕವೊಂದನ್ನೇ ಹೇಳಿ ನಿಲ್ಲಿಸಿದರೆ ಸುಳ್ಳು ಹೇಳಿದಂತಾಗುತ್ತದೆ. ಇಂದಿಯೋಸ್ ಮೇಲೇರಿದ 2008ರಲ್ಲೇ ಹ್ವಾರೆಸ್‌ನಲ್ಲಿ ಮಾದಕವಸ್ತು ಗ್ಯಾಂಗುಗಳ ಯುದ್ಧ ಭುಗಿಲೆದ್ದಿತು. ಬೀದಿಗೆ ಸೇನೆ ಇಳಿಯಿತು. 2010 ಒಂದೇ ವರ್ಷದಲ್ಲಿ ಆ ಊರಿನಲ್ಲಿ 3,000ಕ್ಕೂ ಹೆಚ್ಚು ಜನರ ಕೊಲೆಯಾಯಿತು. ಜನವರಿ ಕೊನೆಯ ಒಂದು ರಾತ್ರಿ ವಿಯಾಸ್ ದೆ ಸಾಲ್ವಾರ್ಕಾರ್ ಬಡಾವಣೆಯ ಮನೆಯೊಂದರ ಪಾರ್ಟಿಗೆ ಬಂದೂಕುಧಾರಿಗಳು ನುಗ್ಗಿ 15 ಜನರನ್ನು ಕೊಂದರು, ಬಹುತೇಕ ವಿದ್ಯಾರ್ಥಿಗಳು. ನದಿಯ ಆಚೆ ದಡದಲ್ಲಿ ಅಮೆರಿಕದ ಎಲ್ ಪಾಸೋ. ಅಲ್ಲಿ ಅದೇ ವರ್ಷ ಆದ ಕೊಲೆಗಳು ಐದು. ನಡುವೆ ಇರುವುದು ಸೇತುವೆ ದಾಟುವಷ್ಟು ದೂರ. ಆಚೆ ಹೋಗಿ ನೆಲೆಸುವ ತಾಕತ್ತಿದ್ದವರು ಹೋದರು. ಅಮೆರಿಕದ ಮಾರುಕಟ್ಟೆಗಾಗಿ ಸಾಮಾನು ಜೋಡಿಸುವ ಮಕಿಲಾದೋರಾ ಕಾರ್ಖಾನೆಗಳಲ್ಲಿ ದುಡಿಯುವವರು ಉಳಿದರು. ಸ್ಟೇಡಿಯಂ ತುಂಬಬೇಕಾಗಿದ್ದವರು ಅವರೇ.

ಆ ದಿನಗಳಲ್ಲೂ ಅಭಿಮಾನಿಗಳ ಗುಂಪೊಂದು ಡೋಲು ಬಡಿಯುತ್ತ, ಹಾಡುತ್ತ ಬರುತ್ತಲೇ ಇತ್ತು. ಗುಂಪಿನ ಹೆಸರು ‘ಎಲ್ ಕಾರ್ಟೆಲ್’, ಮಾದಕವಸ್ತು ಗ್ಯಾಂಗುಗಳನ್ನು ಕರೆಯುವ ಪದವೇ. ಆ ಊರಿನಲ್ಲಿ, ಆ ಕಾಲದಲ್ಲಿ, ಆ ಹೆಸರು! ಇದನ್ನು ಓದಿದಾಗ ನಾನು ನಕ್ಕೆ. ಆಮೇಲೆ ನಕ್ಕದ್ದಕ್ಕೆ ಮುಜುಗರವಾಯಿತು.

ಇಳಿದ ಮೇಲೆ ಕ್ಲಬ್ ಒಂದೂವರೆ ವರ್ಷ ಉಸಿರಾಡಿತು. ಕೆಳಗಿನ ಡಿವಿಷನ್‌ನಲ್ಲಿ ಆದಾಯ ಕಡಿಮೆ, ಸಾಲ ಏರುತ್ತಲೇ ಹೋಯಿತು. ಬಾಕಿ ತೀರಿಸದ ಕಾರಣಕ್ಕೆ 2011ರ ಡಿಸೆಂಬರ್‌ನಲ್ಲಿ ಮೆಕ್ಸಿಕೊ ಫುಟ್ಬಾಲ್ ಫೆಡರೇಷನ್ ಅದರ ಮಾನ್ಯತೆ ರದ್ದುಮಾಡಿತು. ನಿಮ್ಮ ಪ್ರಶ್ನೆಗೆ ನೇರ ಉತ್ತರ ಇದೇ. ತಂಡ ಬದುಕಿದ್ದೇ ಆ ಪರ್ಮಿಟ್‌ನಲ್ಲಿ, ಅದು ಹೋದ ದಿನ ತಂಡವೂ ಹೋಯಿತು. ಹುಟ್ಟಿ ಆರು ವರ್ಷವಾಗಿತ್ತು.

ಈಗ ನಮ್ಮ ಪಟ್ಟಿಯಲ್ಲಿರುವ ‘ಎಫ್‌ಸಿ ಹ್ವಾರೆಸ್’ ಬೇರೆಯೇ ಕ್ಲಬ್. 2015ರಲ್ಲಿ ಹುಟ್ಟಿತು, ಆಡಿದ ಮೊದಲ ಟೂರ್ನಿಯನ್ನೇ ಗೆದ್ದಿತು. ಆದರೆ ಮೊದಲ ಡಿವಿಷನ್ ಸೇರಿದ್ದು ಗೆದ್ದಲ್ಲ. 2019ರಲ್ಲಿ ಪ್ವೆಬ್ಲಾ ನಗರದ ಲೋಬೋಸ್ ಬುಆಪ್ ಕ್ಲಬ್ಬಿನ ಜಾಗ ಖರೀದಿಸಿ. ಆ ಲೋಬೋಸ್ ಕಥೆ ಇನ್ನೂ ಸ್ವಾರಸ್ಯ: 2018ರಲ್ಲಿ ಅವರು ಇಳಿಯಬೇಕಿತ್ತು. ಮೇಲೇರಬೇಕಿದ್ದ ತಪಚೂಲಾದ ತಂಡಕ್ಕೆ ಮೊದಲ ಡಿವಿಷನ್‌ನ ಅರ್ಹತೆ ಸಿಗಲಿಲ್ಲ. ಲೋಬೋಸ್ 120 ಮಿಲಿಯನ್ ಪೆಸೊ, ಅಂದರೆ 12 ಕೋಟಿ ಪೆಸೊ, ಕಟ್ಟಿ ಮೇಲೆಯೇ ಉಳಿದರು. ಮರುವರ್ಷ ಆ ಜಾಗವನ್ನೇ ಮಾರಿದರು. 2020ರಲ್ಲಿ ಏರುವುದು ಇಳಿಯುವುದು ಎರಡನ್ನೂ ಲೀಗ್ ನಿಲ್ಲಿಸಿತು.

ಹಾಗಾಗಿ ನೋಟ್‌ಬುಕ್ಕಿನಲ್ಲಿ ಇಂದಿಯೋಸ್‌ನ ಸಾಲಿನ ಮುಂದೆ ‘2011 ಡಿಸೆಂಬರ್’ ಎಂದು ಬರೆದು ಗೆರೆ ಎಳೆಯಿರಿ. ಎಫ್‌ಸಿ ಹ್ವಾರೆಸ್‌ಗೆ ಹೊಸ ಪುಟ ತೆರೆಯಿರಿ, ಎರಡನ್ನೂ ಬಾಣ ಹಾಕಿ ಸೇರಿಸಬೇಡಿ. ಆ 2009ರ ಪುಟದ ಫೋಟೊ ತೆಗೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ‘ಜುವಾರೆಜ್’ ತಿದ್ದುಪಡಿಯ ಪಕ್ಕದಲ್ಲೇ ಹಾಕುತ್ತೇವೆ.

— ಸಂಪಾದಕ