ಅಲ್ಲಿ ಯಾರೂ ‘ಪಾಪ’ ಅನ್ನುವುದಿಲ್ಲವಾ ಅಕ್ಕ?

ತಮ್ಮ,

ನಿನ್ನ ಪತ್ರ ಎರಡು ಸಲ ಓದಿದೆ. ಅಮೆರಿಕದ ರಾಚೆಸ್ಟರ್‌ನಲ್ಲಿ ಸೀಟು ಸಿಕ್ಕಿದೆ, ಆಗಸ್ಟ್‌ನಲ್ಲಿ ಹೊರಡುತ್ತೀಯ, ದಾವಣಗೆರೆಯಿಂದ ಬೆಂಗಳೂರು ಬಿಟ್ಟರೆ ಆಚೆಗೆ ಹೋದವನಲ್ಲ. ಚಳಿ, ಊಟ, ಖರ್ಚು ಎಲ್ಲ ಕೇಳಿದ್ದೀಯ. ಕೊನೆಯಲ್ಲಿ ಎರಡು ಸಾಲು: “ಅಲ್ಲಿನ ಕಿವುಡರು ಕಿವುಡರಾಗಿರುವುದಕ್ಕೆ ಹೆಮ್ಮೆ ಪಡುತ್ತಾರಂತೆ, ನಿಜವಾ? ಅಲ್ಲಿ ಯಾರೂ ‘ಪಾಪ’ ಅನ್ನುವುದಿಲ್ಲವಾ ಅಕ್ಕ?” ನೀನು ಪತ್ರ ಬರೆದದ್ದೇ ಅದನ್ನು ಕೇಳುವುದಕ್ಕೆ, ಉಳಿದದ್ದು ಪೀಠಿಕೆ ಅಂತ ನನಗನ್ನಿಸಿತು. ಹಾಗಾಗಿ ಮೊದಲು ಅದಕ್ಕೇ ಉತ್ತರ. ನೀನು ಅಂತಲೇ ಬರೆಯುತ್ತೇನೆ. ನನ್ನ ಸ್ವಂತ ತಮ್ಮನಿಗಿಂತ ಚಿಕ್ಕವನು ನೀನು.

‘ಪಾಪ’ದ ವಿಷಯ ನನಗೆ ಸ್ವಲ್ಪ ಜಾಸ್ತಿಯೇ ಗೊತ್ತು. ನಾನು ಮೈಸೂರಿನವಳು. ಕಿವಿ ಕೇಳುವುದಿಲ್ಲ ಅಂತ ಮನೆಯವರಿಗೆ ತಿಳಿದಾಗ ನನಗೆ ಮೂರು ವರ್ಷ. ಆಮೇಲೆ ಶುರುವಾಯಿತು ಮಾತು ಕಲಿಸುವ ತರಗತಿ. ಬಾಯಿ ಮುಂದೆ ಕಾಗದದ ಚೂರು ಹಿಡಿದು ‘ಪ’ ಅನ್ನಬೇಕು, ಕಾಗದ ಅಲ್ಲಾಡಬೇಕು. ‘ಬ’ಕ್ಕೆ ಗಂಟಲ ಮೇಲೆ ಕೈ. ‘ಮ’ಕ್ಕೆ ಮೂಗಿನ ಮೇಲೆ ಬೆರಳು. ಯಾಕೆ ಅಂದರೆ ತುಟಿ ನೋಡಿದರೆ ಮೂರೂ ಒಂದೇ. ನಿನಗೂ ಗೊತ್ತಿರುತ್ತದೆ, ‘ಅಪ್ಪ’ ಮತ್ತು ‘ಅಮ್ಮ’ ತುಟಿಯ ಮೇಲೆ ಒಂದೇ ಪದ. ‘ಪಾಪ’, ‘ಮಾಮ’ ಕೂಡ ಹಾಗೇ. ಆದರೂ ಮದುವೆಮನೆಯಲ್ಲಿ ಯಾರಾದರೂ ನನ್ನ ಕಿವಿಯ ಮೆಷಿನ್ ನೋಡಿ ಆ ಪದ ಅಂದರೆ ನಾನು ಒಂದು ಸಲವೂ ತಪ್ಪು ಓದಿಲ್ಲ. ತಲೆ ಒಂದು ಕಡೆ ವಾಲುತ್ತದೆ, ಹುಬ್ಬು ಮೇಲೆ ಹೋಗುತ್ತದೆ, ಕಣ್ಣು ಅಮ್ಮನ ಕಡೆ ತಿರುಗುತ್ತದೆ. ಮಾಮನನ್ನು ಕರೆಯುವವರು ಹಾಗೆ ಮುಖ ಮಾಡುವುದಿಲ್ಲ ಅಲ್ವಾ?

ಶಾಲೆಯಲ್ಲಿ ಸನ್ನೆ ಮಾಡಿದರೆ ಗೆಣ್ಣಿನ ಮೇಲೆ ಸ್ಕೇಲ್ ಏಟು. ಕೈ ಆಡಿಸಿದರೆ ಬಾಯಿಗೆ ಮಾತು ಬರುವುದಿಲ್ಲ ಅನ್ನುವುದು ನಮ್ಮ ಟೀಚರ್ ನಂಬಿಕೆ. ನಾವು ಹಾಸ್ಟೆಲ್‌ನ ನೀರಿನ ತೊಟ್ಟಿ ಹಿಂದೆ ಕೂತು ಸನ್ನೆಯಲ್ಲಿ ಸಿನಿಮಾ ಕಥೆ ಹೇಳುತ್ತಿದ್ದೆವು. ಕದ್ದು ತಿಂದ ಮಾವಿನಕಾಯಿ ಹಾಗೆ ಕದ್ದು ಆಡಿದ ಮಾತು.

ಆ ಸ್ಕೇಲ್ ಎಲ್ಲಿಂದ ಬಂತು ಅಂತ ಇಲ್ಲಿಗೆ ಬಂದ ಮೇಲೆ ತಿಳಿಯಿತು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡ ಮಕ್ಕಳಿಗೆ ಪಾಠ ಹೇಳುವವರ ಒಂದು ಸಮಾವೇಶ ಆಯಿತು. ಸನ್ನೆ ಬೇಡ, ಬಾಯಿಮಾತೇ ಸರಿ ಅಂತ ಮತ ಹಾಕಿದರು. ಹಾಕಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳುವವರು. ಆ ತೀರ್ಮಾನ ಪ್ರಪಂಚವೆಲ್ಲ ಸುತ್ತಿತು. ಅದು ತಪ್ಪಾಗಿತ್ತು ಅಂತ ಅಂಥದೇ ಸಮಾವೇಶ ಒಪ್ಪಿಕೊಂಡದ್ದು 2010ರಲ್ಲಿ, ಕೆನಡಾದ ವ್ಯಾಂಕೂವರ್‌ನಲ್ಲಿ. 130 ವರ್ಷ! ಅಷ್ಟು ಹೊತ್ತಿಗೆ ನನಗೆ ಬೀಳಬೇಕಾದ ಏಟೆಲ್ಲ ಬಿದ್ದು ಮುಗಿದಿತ್ತು.

ನಾನು ಬಂದದ್ದು 2006ರಲ್ಲಿ, ನೀನು ಸೇರುತ್ತಿರುವ ಜಾಗಕ್ಕೇ. ಎನ್‌ಟಿಐಡಿ. ಕಿವುಡರಿಗಾಗಿ 1965ರಲ್ಲಿ ಕಾನೂನು ಮಾಡಿ ಶುರುಮಾಡಿದ ತಾಂತ್ರಿಕ ಕಾಲೇಜು, ಮೊದಲ ವಿದ್ಯಾರ್ಥಿಗಳು ಬಂದದ್ದು 1968ರಲ್ಲಿ. ಅದು ಕೇಳುವವರ ದೊಡ್ಡ ವಿಶ್ವವಿದ್ಯಾಲಯದ ಒಳಗೇ ಇದೆ. ನಾನು ಸೇರಿದಾಗ ಸಾವಿರಕ್ಕೂ ಹೆಚ್ಚು ಕಿವುಡ ವಿದ್ಯಾರ್ಥಿಗಳಿದ್ದರು. ಮೊದಲ ದಿನ ಊಟದ ಹಾಲ್‌ನ ಬಾಗಿಲಲ್ಲಿ ನಿಂತುಬಿಟ್ಟೆ. ಇಡೀ ಹಾಲ್‌ನಲ್ಲಿ ಕೈಗಳು. ಒಬ್ಬಳು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ, ನಡುವೆ ಐವತ್ತು ಜನರ ತಲೆ ಮೇಲಿಂದ, ಯಾರನ್ನೋ ಬೈಯುತ್ತಿದ್ದಳು. ನಾನು ಮೆಷಿನ್ ಕಾಣದ ಹಾಗೆ ಕೂದಲು ಇಳಿಬಿಟ್ಟಿದ್ದೆ. ಅಲ್ಲಿ ಯಾರೂ ನನ್ನ ಕಿವಿ ನೋಡಲಿಲ್ಲ. ‘ಎಷ್ಟು ಕೇಳಿಸುತ್ತೆ?’ ಅಂತ ಕೇಳಲಿಲ್ಲ. ಕೇಳಿದ್ದು ಎರಡೇ: ಯಾವ ಊರು, ಯಾವ ಶಾಲೆ. ನಮ್ಮ ಕಡೆ ಕಿವುಡರು ಭೇಟಿಯಾದಾಗಲೂ ಅದೇ ತಾನೆ ಕೇಳುವುದು?

ಈಗ ನಿನಗೆ ಯಾರೂ ಹೇಳದ ವಿಷಯ. ಮೊದಲ ಆರು ತಿಂಗಳು ನಾನು ಅಲ್ಲಿ ಒಂಟಿ. ಇಲ್ಲಿನ ಸನ್ನೆ ಭಾಷೆ ನನಗೆ ಬರುತ್ತಿರಲಿಲ್ಲ. ಸನ್ನೆ ಅಂದರೆ ಪ್ರಪಂಚಕ್ಕೆಲ್ಲ ಒಂದೇ ಅಂದುಕೊಳ್ಳುವುದು ಕೇಳುವವರು ಮಾತ್ರ ಅಲ್ಲ, ನಾನೂ ಹಾಗೇ ಅಂದುಕೊಂಡಿದ್ದೆ. ಅಮೆರಿಕದ ಸನ್ನೆಗೆ ಫ್ರಾನ್ಸ್‌ನ ಬೇರು. ಲೋರಾಂ ಕ್ಲೆರ್ ಅನ್ನುವ ಕಿವುಡ ಮೇಷ್ಟರು ಪ್ಯಾರಿಸ್‌ನಿಂದ ಬಂದು 1817ರಲ್ಲಿ ಹಾರ್ಟ್‌ಫರ್ಡ್‌ನಲ್ಲಿ ಶಾಲೆ ಕಟ್ಟುವುದರಲ್ಲಿ ಜೊತೆಯಾದರು. ನಮ್ಮ ಬೆರಳಕ್ಷರ ಬ್ರಿಟಿಷರ ಕಡೆಯದು, ಎರಡು ಕೈಯದು. ಐದು ಬೆರಳಿನ ತುದಿಗೆ ಇಂಗ್ಲಿಷಿನ ಐದು ಸ್ವರ. ಇಲ್ಲಿಯವರದು ಒಂದೇ ಕೈ. ನಾನು ಎರಡೂ ಕೈ ಸೇರಿಸಿ ಹೆಸರು ಹೇಳಿದರೆ ಅವರಿಗೆ ತಮಾಷೆ. ಅಷ್ಟೇ ಅಲ್ಲ, ‘ನನ್ನ ಮಾತು ಚೆನ್ನಾಗಿದೆ, ಎಲ್ಲರೂ ಹೊಗಳುತ್ತಾರೆ’ ಅನ್ನುವ ಒಂದು ಜಂಬ ನನಗಿತ್ತು. ಹದಿನೈದು ವರ್ಷ ಬೆವರು ಹರಿಸಿ ಕಲಿತ ಮಾತು. ಇಲ್ಲಿ ಅದನ್ನು ಕೇಳುವವರೇ ಇಲ್ಲ! ಎರಡು ರಾತ್ರಿ ಅತ್ತೆ. ಮೂರನೆಯ ರಾತ್ರಿ ನಗು ಬಂತು.

ಹೆಮ್ಮೆಯ ವಿಷಯಕ್ಕೆ ಬರುತ್ತೇನೆ. ಅದು ನಿಜ. ಆದರೆ ಕಿವಿ ಕೇಳದಿರುವುದಕ್ಕೆ ಯಾರೂ ಹೆಮ್ಮೆ ಪಡುವುದಿಲ್ಲ, ಅದರಲ್ಲಿ ಪಡುವಂಥದ್ದೇನಿದೆ? ನನಗೆ ಪಾಠ ಮಾಡಿದ ಕಿವುಡ ಪ್ರೊಫೆಸರ್ ಒಬ್ಬರು 1988ರಲ್ಲಿ ವಾಷಿಂಗ್ಟನ್‌ನ ಗ್ಯಾಲೊಡೆಟ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದರು. ಕಿವುಡರದೇ ವಿಶ್ವವಿದ್ಯಾಲಯ ಅದು. 1864ರಲ್ಲಿ ಅಬ್ರಹಾಂ ಲಿಂಕನ್ ಸಹಿ ಹಾಕಿ ಪದವಿ ಕೊಡುವ ಅಧಿಕಾರ ಕೊಟ್ಟದ್ದು. ಅಲ್ಲಿಂದ 124 ವರ್ಷ, ಒಬ್ಬ ಕಿವುಡ ಅಧ್ಯಕ್ಷರೂ ಇಲ್ಲ. ಆ ಮಾರ್ಚ್‌ನಲ್ಲಿ ಕೊನೆಯ ಸುತ್ತಿಗೆ ಮೂವರು ಉಳಿದಿದ್ದರು, ಇಬ್ಬರು ಕಿವುಡರು, ಒಬ್ಬರು ಕೇಳುವವರು. ಮಂಡಳಿ ಕೇಳುವವರನ್ನೇ ಆರಿಸಿತು. ಹುಡುಗರು ಗೇಟು ಮುಚ್ಚಿದರು. ಸಂಸತ್ ಭವನದವರೆಗೆ ಮೆರವಣಿಗೆ ಹೋದರು. ಒಂದೇ ವಾರ. ಆಯ್ಕೆಯಾದವರು ರಾಜೀನಾಮೆ ಕೊಟ್ಟರು, ಮಂಡಳಿಯ ಅಧ್ಯಕ್ಷರೂ ಇಳಿದರು, ಐ. ಕಿಂಗ್ ಜೋರ್ಡನ್ ಮೊದಲ ಕಿವುಡ ಅಧ್ಯಕ್ಷರಾದರು.

ನಮ್ಮ ಪ್ರೊಫೆಸರ್ ಇದನ್ನು ಹೇಳುವಾಗ ಒಂದು ಚಿಕ್ಕ ವಿಷಯ ಹೇಳುತ್ತಿದ್ದರು. ಗೇಟಿನ ಹತ್ತಿರ ನಿಂತಾಗ ಪತ್ರಕರ್ತರು ಬಂದು ದುಭಾಷಿಗಾಗಿ ಪರದಾಡುತ್ತಿದ್ದರಂತೆ. ‘ಅವತ್ತು ಭಾಷೆ ಬಾರದವರು ಅವರು, ನಾವಲ್ಲ’ ಅಂತ. ನನಗೆ ಹೆಮ್ಮೆ ಅಂದರೆ ಏನು ಅಂತ ಹೊಳೆದದ್ದು ಆ ಒಂದು ಮಾತಿನಲ್ಲಿ. ಊಟದ ಹಾಲ್‌ನಲ್ಲಿ ನಾನು ಕಂಡದ್ದೂ ಅದೇ. ಅಂದಹಾಗೆ, ಇಲ್ಲಿನ ಸನ್ನೆಯಲ್ಲಿ ಕೇಳುವವರಿಗೆ ಏನು ಪದ ಗೊತ್ತಾ? ಬಾಯಿ ಮುಂದೆ ತೋರುಬೆರಳು ಸುತ್ತಿಸುವುದು. ಸದಾ ವಟಗುಟ್ಟುವವರು ಅಂತ ಇಟ್ಟುಕೋ.

ಇಂಗ್ಲಿಷಿನಲ್ಲಿ ಬರೆಯುವಾಗ ಇಲ್ಲಿನವರು ಒಂದು ಉಪಾಯ ಮಾಡಿಕೊಂಡಿದ್ದಾರೆ. ಬರೀ ಕಿವಿ ಕೇಳದಿದ್ದರೆ ‘ಡೆಫ್’ (ಕಿವುಡ) ಪದದ ಮೊದಲಕ್ಷರ ಚಿಕ್ಕದು. ಸನ್ನೆ ಭಾಷೆ ಆಡುವ ಸಮುದಾಯಕ್ಕೆ ಸೇರಿದವರಾದರೆ ದೊಡ್ಡದು, ಊರಿನ ಹೆಸರು ಬರೆದ ಹಾಗೆ. ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಇಲ್ಲ. ನಾವೇನು ಮಾಡೋಣ? ‘ಕೆಪ್ಪ’ ಬೈಗುಳ. ‘ಶ್ರವಣದೋಷವುಳ್ಳವರು’ ಅಂದರೆ ಸರ್ಕಾರಿ ಅರ್ಜಿ ನೆನಪಾಗುತ್ತದೆ, ಅದರಲ್ಲೂ ನಡುವೆ ಒಂದು ‘ದೋಷ’ ಕೂತಿದೆ. ನಾನು ‘ಕಿವುಡಿ’ ಅಂತಲೇ ಹೇಳಿಕೊಳ್ಳುತ್ತೇನೆ. ಮೊದಲ ಸಲ ಅಮ್ಮನ ಮುಂದೆ ಹಾಗೆ ಅಂದಾಗ ಅವಳ ಮುಖ ಸಪ್ಪಗಾಯಿತು. ಆ ಪದ ಯಾರ ಬಾಯಲ್ಲೂ ಬರಬಾರದು ಅಂತ ಅವಳು ಇಪ್ಪತ್ತು ವರ್ಷ ಕಾದಿದ್ದಳಲ್ಲ.

ಇನ್ನು ‘ಪಾಪ’. ಇಲ್ಲೂ ಅನ್ನುತ್ತಾರೆ ತಮ್ಮ. ಅಂಗಡಿಯಲ್ಲಿ ‘ನಾನು ಕಿವುಡಿ’ ಅಂದರೆ ಕೇಳುವ ಅಮೆರಿಕನ್ನರ ಬಾಯಿಂದ ಥಟ್ಟನೆ ಬರುವುದು ‘ಸಾರಿ’. ಯಾಕೆ ಸಾರಿ? ನೀವೇನು ಮಾಡಿದಿರಿ? ತಲೆ ಅದೇ ಕೋನಕ್ಕೆ ವಾಲುತ್ತದೆ. ಮೈಸೂರಿನ ಮದುವೆಮನೆಯೇ.

ವ್ಯತ್ಯಾಸ ಇರುವುದು ಆಮೇಲೆ. ಇಲ್ಲಿ ಕಾನೂನು ನಿನ್ನ ಬೆನ್ನ ಹಿಂದಿದೆ. 1990ರ ಅಂಗವಿಕಲರ ಕಾಯ್ದೆ ಪ್ರಕಾರ ಆಸ್ಪತ್ರೆಯವರು ತಮ್ಮ ಖರ್ಚಿನಲ್ಲಿ ದುಭಾಷಿ ಕೊಡಬೇಕು. ಹದಿನೈದು ಜನಕ್ಕಿಂತ ಕಡಿಮೆ ಇಲ್ಲದ ಕಂಪನಿ ನಿನಗೆ ಬೇಕಾದ ಅನುಕೂಲ ಮಾಡಿಕೊಡಬೇಕು. ಆದರೆ ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ. ಒಮ್ಮೆ ನನಗೆ ಹೊಟ್ಟೆನೋವು ಜೋರಾಗಿ ತುರ್ತು ಚಿಕಿತ್ಸೆಗೆ ಹೋದೆ. ದುಭಾಷಿ ಅಂತ ಒಂದು ಸ್ಕ್ರೀನ್ ತಳ್ಳಿಕೊಂಡು ಬಂದರು. ಅದರೊಳಗಿನ ಹೆಂಗಸು ಅರ್ಧ ಸನ್ನೆಗೇ ಹೆಪ್ಪುಗಟ್ಟಿ ನಿಲ್ಲುತ್ತಿದ್ದಳು. ಡಾಕ್ಟರ್ ನನ್ನ ಗಂಡನ ಕಡೆ ತಿರುಗಿ ಮಾತಾಡತೊಡಗಿದರು. ಅವನೂ ಕಿವುಡ! ನಾನು ಚೀಟಿಯಲ್ಲಿ ಬರೆದೆ: ‘ಮನುಷ್ಯರನ್ನು ಕರೆಸಿ. ಅಲ್ಲಿಯವರೆಗೆ ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ.’ ಮೂರು ಗಂಟೆ ಆಯಿತು, ಬಂದರು. ಮೈಸೂರಿನ ನನಗೆ ಹಾಗೆ ಬರೆಯುವ ಧೈರ್ಯ ಇರಲಿಲ್ಲ. ಇನ್ನೊಂದು ಬಾಟಲಿ ನೀರು ಬೇಕು ಅಂತ ಕೇಳುವುದಕ್ಕೂ ಇರಲಿಲ್ಲ.

ಕೆಲಸದ ವಿಷಯ ಸುಲಭ ಅಲ್ಲ. ಕಾನೂನು ಇದ್ದರೂ ಸಂದರ್ಶನದಲ್ಲಿ ದುಭಾಷಿ ಬೇಕು ಅಂದ ಕೂಡಲೇ ಮೌನವಾದ ಕಂಪನಿಗಳನ್ನು ನಾನು ಎಣಿಸುವುದು ಬಿಟ್ಟಿದ್ದೇನೆ. ವೀಸಾ ಬೇರೆ ಬೇಕು. ರೆಸ್ಯೂಮೆಯಲ್ಲಿ ಬರೆಯಬೇಕಾ ಅಂತ ಕೇಳಿದ್ದೀಯ. ಬರೆಯಬೇಕು ಅಂತೇನಿಲ್ಲ, ಕಾನೂನೂ ಒತ್ತಾಯಿಸುವುದಿಲ್ಲ. ನಾನು ಬರೆಯುತ್ತಿರಲಿಲ್ಲ. ನನ್ನ ಗಂಡ ಮೊದಲ ಸಾಲಿನಲ್ಲೇ ಬರೆಯುತ್ತಿದ್ದ, ಬೇಡದವರು ಮೊದಲೇ ತೊಲಗಲಿ ಅಂತ. ಅವನಿಗೆ ನನಗಿಂತ ಮೊದಲು ಕೆಲಸ ಸಿಕ್ಕಿತು. ಇದರಿಂದ ಏನೂ ಸಾಬೀತಾಗುವುದಿಲ್ಲ, ಸುಮ್ನೆ ಹೇಳಿದೆ.

ಇನ್ನೊಂದು ನೋವು ಇಲ್ಲಿನ ಯಾವ ಕಾನೂನಿಗೂ ಸಿಗುವುದಿಲ್ಲ. ಇಲ್ಲಿ ವಿಡಿಯೊ ರಿಲೇ ಅಂತ ಇದೆ. ನೀನು ಸ್ಕ್ರೀನ್‌ನಲ್ಲಿ ಸನ್ನೆ ಮಾಡಿದರೆ ದುಭಾಷಿ ಅದನ್ನು ಫೋನಿನ ಆ ತುದಿಯವರಿಗೆ ಬಾಯಿಮಾತಿನಲ್ಲಿ ಹೇಳುತ್ತಾರೆ. ಬಿಟ್ಟಿ. ಪಿಜ್ಜಾ, ಬ್ಯಾಂಕು, ಮನೆ ಓನರ್ ಜೊತೆ ಜಗಳ, ಎಲ್ಲ ಆಗುತ್ತದೆ. ಆದರೆ ಅದು ನಡೆಯುವುದು ಇಂಗ್ಲಿಷ್ ಮತ್ತು ಸ್ಪ್ಯಾನಿಷ್‌ನಲ್ಲಿ. ಅಮ್ಮನಿಗೆ ಬರುವುದು ಕನ್ನಡ. ಇಡೀ ಅಮೆರಿಕಕ್ಕೆ ಫೋನ್ ಮಾಡುವ ನಾನು ಅಮ್ಮನಿಗೆ ಮಾಡಲಾರೆ. ವಾಟ್ಸಾಪ್ ವಿಡಿಯೊದಲ್ಲಿ ನಮ್ಮ ಮನೆಯದೇ ಸನ್ನೆ: ಮೂಗಿನ ಬೊಟ್ಟು ಮುಟ್ಟಿದರೆ ಅಜ್ಜಿ, ಮೀಸೆ ತಿರುವಿದರೆ ಅಪ್ಪ. ಮೊದಮೊದಲು ಅವಳು ಒಂದು ಕೈಯಲ್ಲಿ ಫೋನ್ ಹಿಡಿದು ಇನ್ನೊಂದರಲ್ಲಿ ಹೇಳುತ್ತಿದ್ದಳು, ಅರ್ಧ ಮಾತು ಕೆಳಗೆ ಬೀಳುತ್ತಿತ್ತು. ಈಗ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸುತ್ತಾಳೆ. ಮಾತು ಕಲಿಸುವವರ ಹತ್ತಿರ ನನ್ನನ್ನು ಎಳೆದುಕೊಂಡು ಹೋದ ಅದೇ ಅಮ್ಮ. ನೀನು ಹೊರಡುವ ಮೊದಲು ನಿಮ್ಮ ಮನೆಯವರಿಗೆ ಎಷ್ಟು ಸಾಧ್ಯವೋ ಅಷ್ಟು ಸನ್ನೆ ಕಲಿಸಿ ಬಾ. ಆಗಸ್ಟ್‌ಗೆ ಇನ್ನೂ ಸಮಯ ಇದೆ.

ಕನ್ನಡ ಕೂಟಕ್ಕೂ ಹೋಗುತ್ತೇನೆ, ಬಿಸಿಬೇಳೆ ಬಾತ್‌ಗೆ. ಹಾಡು, ಭಾಷಣ ನಡೆಯುವಾಗ ಮೂಲೆಯಲ್ಲಿ ಕೂತಿರುತ್ತೇನೆ. ಒಂದು ರಾಜ್ಯೋತ್ಸವದ ದಿನ ಏಳೆಂಟು ವರ್ಷದ ಹುಡುಗನೊಬ್ಬ ನನ್ನನ್ನೇ ನೋಡುತ್ತಿದ್ದ. ಉದ್ದ ಕೂದಲು. ಕಿವಿ ಹತ್ತಿರ ಮೆಷಿನ್‌ನ ತುದಿ ಕಂಡಿತು. ನಾನು ನನ್ನ ಕೂದಲು ಹಿಂದೆ ಸರಿಸಿ ನನ್ನದನ್ನು ತೋರಿಸಿದೆ. ನೀಲಿ ಬಣ್ಣದ್ದು, ಬೇಕಂತಲೇ ಆರಿಸಿಕೊಂಡದ್ದು. ಅವನೂ ಸರಿಸಿದ. ಅವನ ತಾಯಿ ಬಂದು ಕೂದಲು ಮತ್ತೆ ಮುಂದಕ್ಕೆ ಎಳೆದು ಅವನನ್ನು ಕರೆದುಕೊಂಡು ಹೋದರು. ಅವರ ಮೇಲೆ ನನಗೆ ಕೋಪ ಬರಲಿಲ್ಲ. ಮುಂದಿನ ವರ್ಷ ಅವನು ದೂರದಿಂದಲೇ ಕೂದಲು ಸರಿಸಿ ತೋರಿಸಿದ. ಕೆಂಪು.

ಎಲ್ಲ ಬಿಟ್ಟು ಬಂದರೇನೇ ಹೆಮ್ಮೆ ಸಿಗುತ್ತದೆ ಅಂದುಕೊಳ್ಳಬೇಡ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ ಸುಪ್ರೀಂ ಕೋರ್ಟ್‌ನಲ್ಲಿ ಸನ್ನೆ ಭಾಷೆಯ ದುಭಾಷಿ ಜೊತೆ ಹಾಜರಾದರು. ಮರುವರ್ಷ ಕರ್ನಾಟಕ ಹೈಕೋರ್ಟ್‌ನಲ್ಲಿ ವಾದವನ್ನೂ ಮಂಡಿಸಿದರು. ಆ ಸುದ್ದಿ ನೋಡಿ ನಾನು ಇಲ್ಲಿ, ಹಿಮದ ನಾಡಿನಲ್ಲಿ ಕೂತು, ಯಾಕೆ ಬಂದೆನೋ ಅಂದುಕೊಂಡೆ. ಒಂದು ಸಂಜೆ ಮಟ್ಟಿಗೆ.

ಉಳಿದ ಪ್ರಶ್ನೆಗಳು. ಚಳಿ ಭಯಂಕರ, ಪಕ್ಕದಲ್ಲೇ ಒಂಟಾರಿಯೊ ಸರೋವರ, ಹಿಮ ಸುರಿಯುತ್ತಲೇ ಇರುತ್ತದೆ. ಐದು ಬೆರಳೂ ಬಿಡಿಬಿಡಿಯಾಗಿರುವ ಗವಸು ತಗೋ. ಚೀಲದ ಹಾಗೆ ಇರುವುದನ್ನು ಹಾಕಿಕೊಂಡು ಸನ್ನೆ ಮಾಡಿದರೆ ಬಾಯಿ ತುಂಬ ಅವಲಕ್ಕಿ ತುಂಬಿಕೊಂಡು ಮಾತಾಡಿದ ಹಾಗೆ. ಹಾಸಿಗೆ ಅಲುಗಾಡಿಸುವ ಅಲಾರಂ ಇಲ್ಲೇ ಕೊಳ್ಳು, ಅಲ್ಲಿಂದ ತಂದದ್ದು ಇಲ್ಲಿನ 120 ವೋಲ್ಟ್‌ಗೆ ಆಗದೆ ಇರಬಹುದು. ಕಿವುಡರ ಮನೆಗೆ ಊಟಕ್ಕೆ ಹೋದರೆ ಹೊರಡುವುದಕ್ಕೆ ಒಂದು ಗಂಟೆ ಮೊದಲೇ ‘ಹೊರಟೆ’ ಅನ್ನು. ಬಾಗಿಲಲ್ಲಿ ಮಾತು ಮುಗಿಯುವುದಿಲ್ಲ. ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸುವ, ಕೇಳಿಸುವ ಮೆಷಿನ್) ಹಾಕಿಸಿಕೊಂಡವರನ್ನು ಇಲ್ಲಿ ದೂರ ಇಡುತ್ತಾರಾ ಅಂತ ಕೇಳಿದ್ದೀಯ. ಹಿಂದೆ ಜಗಳ ಜೋರಾಗಿತ್ತು. ಈಗ ನನ್ನ ಹತ್ತಿರದ ಗೆಳತಿಗೇ ಇಂಪ್ಲಾಂಟ್ ಇದೆ, ಸನ್ನೆಯಲ್ಲಿ ಅವಳಷ್ಟು ಚೆನ್ನಾಗಿ ಚಾಡಿ ಹೇಳುವವರು ಇನ್ನೊಬ್ಬರಿಲ್ಲ.

ಮುಂದಿನ ಸಲ ಪತ್ರ ಬರೆಯಬೇಡ. ವಿಡಿಯೊ ಮಾಡಿ ಕಳಿಸು. ನಮ್ಮ ಎರಡು ಕೈ ಅಕ್ಷರದಲ್ಲಿ ನಿನ್ನ ಹೆಸರು ಹೇಳು, ನಿನ್ನ ಶಾಲೆಯ ಗೆಳೆಯರು ನಿನಗಿಟ್ಟ ಸನ್ನೆ ಹೆಸರೂ ತೋರಿಸು. ನನ್ನದು ಕೆನ್ನೆಯ ಮಚ್ಚೆ. ಇಲ್ಲಿಗೆ ಬಂದ ಮೇಲೆ ಇನ್ನೊಂದು ಕೊಟ್ಟರು, ನಾನು ಮಚ್ಚೆಯನ್ನೇ ಇಟ್ಟುಕೊಂಡಿದ್ದೇನೆ. ಈ ಊರಿನಲ್ಲಿ ಅದನ್ನು ಎರಡು ಕೈ ಅಕ್ಷರದ ಜೊತೆ ಹೇಳುವವರು ಯಾರೂ ಇಲ್ಲ, ಬೇಗ ಬಾ.

ನಿನ್ನ ಅಕ್ಕ