ಬ್ಯಾಂಕಾಕಲ್ಲಿ ಒಂದೇ ಶನಿವಾರ

ಪ್ರಶ್ನೆ: ನಾನೂ ಆಯಿನೂ ಬ್ಯಾಂಕಾಕಿಗೆ ಹೊರಟಿದೀವಿ, ಶಾಪಿಂಗಿಗೆ ಸಿಗೋದು ಒಂದು ಶನಿವಾರ ಮಾತ್ರ. ಆಯಿ ಮೀನು, ಮೊಟ್ಟೆ ಏನೂ ಮುಟ್ಟಲ್ಲ, ಊಟಕ್ಕೆ ಏನ್ ಮಾಡೋದು?
— ಓದುಗರೊಬ್ಬರು, ಶಿರಸಿ

ಉತ್ತರ: ಶನಿವಾರ ಸಿಕ್ಕಿದ್ದೇ ಒಳ್ಳೇದಾಯ್ತು, ಚಾತುಚಕ್ ಸಂತೆ ಪೂರ್ತಿ ತೆರೆಯೋದು ಶನಿವಾರ, ಭಾನುವಾರಾನೇ. ಸ್ಕೈಟ್ರೇನಲ್ಲಿ ಮೋ ಚಿಟ್ ಸ್ಟೇಷನ್ನಿಗೆ ಇಳಿದ್ರೆ ನಡ್ಕೊಂಡೇ ಹೋಗ್ಬಹುದು. ಶಿರಸಿ ಸಂತೆ ತರ ಒಂದು ಸುತ್ತು ಹಾಕಿ ಮುಗ್ಸೋಕಾಗಲ್ಲ, ಸಾವಿರಾರು ಅಂಗಡಿ, ಬೆಳಿಗ್ಗೆನೇ ಹೋಗಿ, ಮಧ್ಯಾಹ್ನದ ಸೆಕೆ ಕಾರವಾರದ ಮೇ ತಿಂಗಳಿದ್ದಂಗೆ, ಮೈಯೆಲ್ಲ ಅಂಟತ್ತೆ. ನಗ್ತಾ ಚೌಕಾಶಿ ಮಾಡಿ, ಎರಡು ಮೂರು ತಗೊಂಡ್ರೆ ಇಳಿಸ್ತಾರೆ.

ಊಟದ್ದೇ ನಿಜವಾದ ಚಿಂತೆ. ತರಕಾರಿ ಪಲ್ಯಕ್ಕೂ 'ನಾಮ್ ಪ್ಲಾ' ಅಂತ ಮೀನಿನ ಸಾಸು ಹಾಕಿರ್ತಾರೆ. ಅದಕ್ಕೇ 'ಜೇ' ಅನ್ನೋ ಪದ ನೆನಪಿಟ್ಕೊಳ್ಳಿ, ಹಳದಿ ಬೋರ್ಡು ಇಲ್ಲಾ ಬಾವುಟದ ಮೇಲೆ ಕೆಂಪಕ್ಷರ ಇರತ್ತೆ, ಅಲ್ಲಿ ಮೀನು, ಮಾಂಸ, ಮೊಟ್ಟೆ ಅಷ್ಟೇ ಅಲ್ಲ ಈರುಳ್ಳಿ ಬೆಳ್ಳುಳ್ಳಿನೂ ಹಾಕಲ್ಲ, ಆಯಿಗೆ ಧೈರ್ಯವಾಗಿ ಹೇಳಿ. ಆಮೇಲೆ ಮಾವಿನಹಣ್ಣು, ಅಂಟಕ್ಕಿ ಅನ್ನ, ಮೇಲೆ ಸಿಹಿ ತೆಂಗಿನಹಾಲು, ಇದನ್ನ ಅವರಿಗೆ ತಿನ್ನಿಸ್ಲೇಬೇಕು, ಅಂಕೋಲೆ ಕರಿ ಇಶಾಡು ಮಾವಿನಹಣ್ಣಿನ ರಸಾಯನ ಉಂಡು ಬೆಳೆದವರಿಗೆ ಅದು ಪರದೇಶದ ತಿಂಡಿ ಅಂತ ಅನ್ಸೋದೇ ಇಲ್ಲ.